ನಾಲ್ಕು ಉಪಗ್ರಹಗಳಿಂದ ಒಂದು ಆಘಾತ ತರಂಗವನ್ನು ಅಳೆದ ಬಗೆ

ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಬರುವ ಸೌರಮಾರುತಕ್ಕೆ (ಸೂರ್ಯನಿಂದ ಹೊಮ್ಮುವ ಆವೇಶಭರಿತ ಕಣಗಳ ಹರಿವಿಗೆ) ಭೂಮಿಯ ಕಾಂತಕ್ಷೇತ್ರ ಅಡ್ಡ ನಿಲ್ಲುವುದರಿಂದ, ಸೂರ್ಯನ ಕಡೆಗೆ ಸರಿಸುಮಾರು 90,000 ಕಿಲೋಮೀಟರ್ ದೂರದಲ್ಲಿ ಬೋ ಶಾಕ್ ಎಂಬ ಆಘಾತ ತರಂಗ ಏರ್ಪಡುತ್ತದೆ. ಅಲ್ಲಿನ ಪ್ಲಾಸ್ಮಾದಲ್ಲಿ, ಅಂದರೆ ಆವೇಶಭರಿತ ಕಣಗಳ ಅನಿಲದಲ್ಲಿ, ಕಣಗಳು ಪರಸ್ಪರ ಡಿಕ್ಕಿ ಹೊಡೆಯುವುದು ಇಲ್ಲವೆನ್ನುವಷ್ಟು ಅಪರೂಪ. ಆದರೂ ಹರಿವಿನ ವೇಗ ಥಟ್ಟನೆ ತಗ್ಗಿ, ಅದು ಬಿಸಿಯೇರುತ್ತದೆ. ಡಿಕ್ಕಿಯಿಲ್ಲದೆ ಈ ಬಿಸಿ ಎಲ್ಲಿಂದ ಎಂಬ ಪ್ರಶ್ನೆ ಹಿಡಿದು ನಾನು ನಾಸಾದ ಎಂಎಂಎಸ್ ಯೋಜನೆಯ ದತ್ತಾಂಶಕ್ಕೆ ಕೈಹಾಕಿದೆ. 2015ರ ಮಾರ್ಚ್‌ನಲ್ಲಿ ಉಡಾವಣೆಯಾದ ಈ ನಾಲ್ಕು ಉಪಗ್ರಹಗಳ ಅಳತೆಗಳನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು.

ನಾನು ಆರಿಸಿಕೊಂಡ ಘಟನೆಯಲ್ಲಿ ಕಾಂತಕ್ಷೇತ್ರವು ಸುಮಾರು 5 ನ್ಯಾನೋಟೆಸ್ಲಾದಿಂದ ಮೊದಲು ಮೆಲ್ಲಗೆ ಏರಿ, ಬಳಿಕ ಕಡಿದಾಗಿ ಜಿಗಿದು, 20ನ್ನೂ ಮೀರಿ ಹೋಗಿ, ಅಲುಗಾಡುತ್ತ ಕೆಳಗಿಳಿದು ನೆಲೆಗೊಂಡಿತ್ತು. ಒಂದೇ ಉಪಗ್ರಹದ ಅಳತೆಯ ಇಂತಹ ನಕ್ಷೆಗೆರೆಯಿಂದ ಜಿಗಿತಕ್ಕೆ ಹಿಡಿದ ಸಮಯ ತಿಳಿಯುತ್ತದೆಯೇ ಹೊರತು ಅದರ ದಪ್ಪ ತಿಳಿಯುವುದಿಲ್ಲ. ಏಕೆಂದರೆ ಉಪಗ್ರಹ ಸೆಕೆಂಡಿಗೆ ಒಂದೆರಡು ಕಿಲೋಮೀಟರ್ ಸಾಗುವಷ್ಟರಲ್ಲಿ, ಸೌರಮಾರುತದ ಒತ್ತಡ ಬದಲಾದಂತೆಲ್ಲ ಆಘಾತವೇ ಹತ್ತಾರು ಕಿಲೋಮೀಟರ್ ಹಿಂದೆಮುಂದೆ ಸರಿಯುತ್ತಿರುತ್ತದೆ. ನಾಲ್ಕು ಉಪಗ್ರಹಗಳು ಕೆಲವೇ ಹತ್ತು ಕಿಲೋಮೀಟರ್ ಅಂತರದಲ್ಲಿ ಪಿರಮಿಡ್ಡಿನಂತೆ ನಿಂತಿದ್ದರೆ ಮಾತ್ರ, ಜಿಗಿತವು ಯಾವುದಕ್ಕೆ ಮೊದಲು ತಾಗಿತು, ಯಾವುದಕ್ಕೆ ಆಮೇಲೆ ಎಂಬ ವ್ಯತ್ಯಾಸದಿಂದ ಅದರ ದಿಕ್ಕನ್ನೂ ವೇಗವನ್ನೂ ಒಟ್ಟಿಗೆ ಲೆಕ್ಕಹಾಕಬಹುದು; ಆ ವೇಗವನ್ನು ಜಿಗಿತದ ಸಮಯದಿಂದ ಗುಣಿಸಿದರೆ ದಪ್ಪ ಸಿಗುತ್ತದೆ. ಈ ವ್ಯತ್ಯಾಸ ಸೆಕೆಂಡಿನ ಒಂದು ಪಾಲಷ್ಟೇ. ಕಾಂತಮಾಪಕ ಸೆಕೆಂಡಿಗೆ 128 ಬಾರಿ ಅಳೆಯುವುದರಿಂದ ಅದು ಕೈಗೆ ಸಿಗುತ್ತದೆ. ಗೆರೆಗಳನ್ನು ಒಂದರ ಮೇಲೊಂದು ಸರಿಸಿ ಹೊಂದಿಸುವಾಗ ನಾನು ಕಡಿದಾದ ಏರಿಕೆಯನ್ನಷ್ಟೇ ಬಳಸಿದೆ, ಮುಂದಿನ ಅಲುಗಾಟವನ್ನು ಕೈಬಿಟ್ಟೆ. ಆ ಅಲೆಗಳು ನಾಲ್ಕೂ ಕಡೆ ಒಂದೇ ರೂಪದಲ್ಲಿರುವುದಿಲ್ಲ.

ಆಘಾತವನ್ನು ಇನ್ನೂ ತಲುಪದ ಸೌರಮಾರುತವನ್ನು ಅಳೆಯುವಲ್ಲಿ ಹೆಚ್ಚಿನ ಎಚ್ಚರ ಬೇಕು. ಎಂಎಂಎಸ್‌ನ ಕಣಮಾಪಕಗಳು ಬಿಸಿ ಪ್ಲಾಸ್ಮಾಕ್ಕೆಂದು ರೂಪುಗೊಂಡವು, ಆದ್ದರಿಂದ ಸೌರಮಾರುತದ ಕಿರಿದಾದ ಪುಂಜವನ್ನು ಅಷ್ಟು ನಿಖರವಾಗಿ ಹಿಡಿಯಲಾರವು. ಹಾಗಾಗಿ ಸೂರ್ಯ ಮತ್ತು ಭೂಮಿಯ ನಡುವಿನ ಎಲ್1 ಬಿಂದುವಿನ ಬಳಿಯಿರುವ ವಿಂಡ್ ನೌಕೆಯ ಅಳತೆಗಳನ್ನು, ಅಲ್ಲಿಂದ ಇಲ್ಲಿಗೆ ಸೌರಮಾರುತ ಬರಲು ಹಿಡಿಯುವ ಸುಮಾರು ಒಂದು ಗಂಟೆಯಷ್ಟು ಮುಂದಕ್ಕೆ ಸರಿಸಿ ತಾಳೆ ನೋಡಿದೆ. ಅದೇ ಬಿಂದುವಿನಲ್ಲಿ 2024ರ ಜನವರಿಯಿಂದ ಇರುವ ನಮ್ಮ ಆದಿತ್ಯ-ಎಲ್1ರ ದತ್ತಾಂಶ ಬೆಂಗಳೂರಿನ ಬಳಿಯ ಬ್ಯಾಲಾಳುವಿನಿಂದ ದೊರೆಯುತ್ತಿರುವುದು ಈ ಕ್ಷೇತ್ರದಲ್ಲಿರುವ ನಮಗೆಲ್ಲ ನಿಜವಾಗಿ ಹೆಮ್ಮೆಯ ಸಂಗತಿ.

ನನಗೆ ಅತ್ಯಂತ ಸಂತೋಷ ಕೊಟ್ಟದ್ದು 150 ಮಿಲಿಸೆಕೆಂಡಿಗೊಮ್ಮೆ ಸಿಗುವ, ಅಯಾನುಗಳ (ಧನ ಆವೇಶದ ಕಣಗಳ) ವೇಗ ಮತ್ತು ದಿಕ್ಕನ್ನು ತೋರಿಸುವ ಚಿತ್ರ. ಕಡಿದಾದ ಏರಿಕೆಗೆ ಮುನ್ನ, ಕಾಂತಕ್ಷೇತ್ರ ಮೆಲ್ಲಗೆ ಏರುವ ಜಾಗದಲ್ಲಿ, ಸೌರಮಾರುತದ ಒತ್ತಾದ ಚುಕ್ಕೆಯ ಜೊತೆಗೆ ಸೂರ್ಯನ ಕಡೆಗೇ ಮರಳುವ ಅಯಾನುಗಳ ಮಸುಕಾದ ಇನ್ನೊಂದು ಗುಂಪು ಕಾಣಿಸಿತು. ಆಘಾತದಿಂದ ಪ್ರತಿಫಲಿಸಿದ ಈ ಅಯಾನುಗಳು ಕಾಂತಕ್ಷೇತ್ರದಲ್ಲಿ ಸುತ್ತುತ್ತ ವಿದ್ಯುತ್‌ಕ್ಷೇತ್ರದಿಂದ ಶಕ್ತಿ ಪಡೆದು ಮತ್ತೆ ಒಳನುಗ್ಗುತ್ತವೆ. ಆಚೆಬದಿಯ ಅಯಾನುಗಳ ಬಿಸಿಯಲ್ಲಿ ದೊಡ್ಡ ಪಾಲು ಇವುಗಳದ್ದೇ. ಕಾಂತಕ್ಷೇತ್ರವು ಆಘಾತದ ಮೇಲ್ಮೈಗೆ ಹೆಚ್ಚುಕಡಿಮೆ ಲಂಬವಾಗಿರುವಲ್ಲಿ ಚಿತ್ರ ಇಷ್ಟು ಸ್ವಚ್ಛವಾಗಿರುವುದಿಲ್ಲ: ಪ್ರತಿಫಲಿತ ಕಣಗಳು ಬಲರೇಖೆಗಳ ಗುಂಟ ಬಹುದೂರ ಹಿಮ್ಮುಖವಾಗಿ ಹರಿದು ಅಲೆಗಳನ್ನೆಬ್ಬಿಸುವುದರಿಂದ ಮುಂಚೂಣಿಯೇ ಚದುರಿ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತದೆ, ಅಂತಹ ಕಡೆ ನಾಲ್ಕು ಉಪಗ್ರಹಗಳ ಕಾಲವ್ಯತ್ಯಾಸದ ಲೆಕ್ಕವನ್ನು ನಾನು ನೆಚ್ಚುವುದಿಲ್ಲ.