ಕಿಕ್‌ಡೌನ್ ಕೇಬಲ್ ಕಳಚಿದ್ದಕ್ಕೆ ಗೇರ್‌ಬಾಕ್ಸ್ ಇಳಿಸಬೇಡಿ

ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆ ಏರುವಾಗ ಆಕ್ಸಿಲರೇಟರ್ ಪೂರ್ತಿ ತುಳಿದರೂ ಹಳೇ ಆಟೊಮ್ಯಾಟಿಕ್ ಕಾರು ಗೇರ್ ಇಳಿಸುತ್ತಿಲ್ಲವೇ? ಸಮತಟ್ಟು ರಸ್ತೆಯಲ್ಲಿ ಬೇಗಬೇಗ ಮೇಲಿನ ಗೇರ್‌ಗೆ ಹೋಗಿಬಿಡುತ್ತದೆಯೇ? ಇಷ್ಟಕ್ಕೇ ‘ಗೇರ್‌ಬಾಕ್ಸ್ ಹೋಯ್ತು’ ಅಂತ ಕಾರಿನಿಂದ ಬಿಚ್ಚಿ ಇಳಿಸಿದವರನ್ನು ಚಿಕ್ಕಮಗಳೂರಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಮೊದಲು ಬಾನೆಟ್ ಎತ್ತಿ.

ಎಂಜಿನ್ ಆಫ್ ಇರಲಿ, ತಣ್ಣಗಾಗಲಿ. ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡುವ ಕವಾಟ) ಹತ್ತಿರ ಆಕ್ಸಿಲರೇಟರ್ ಕೇಬಲ್ ಜೊತೆ ಇನ್ನೊಂದು ಕೇಬಲ್ ಇರುತ್ತದೆ, ಕೆಳಗೆ ಗೇರ್‌ಬಾಕ್ಸ್‌ಗೆ ಹೋಗುವುದು ಅದೇ. ಆಕ್ಸಿಲರೇಟರ್ ಎಷ್ಟು ತುಳಿದಿದ್ದೀರಿ ಅಂತ ಗೇರ್‌ಬಾಕ್ಸ್‌ಗೆ ತಿಳಿಸುವ ಕಿಕ್‌ಡೌನ್ ಕೇಬಲ್ ಇದು. ಅದರ ತುದಿ ಜೋತಾಡುತ್ತಿದ್ದರೆ ಕ್ಲಿಪ್ ಮುರಿದಿದೆ ಅಂತ. ಕೈಯಿಂದ ಮೆಲ್ಲಗೆ ಎಳೆದು ಬಿಡಿ. ಸ್ಪ್ರಿಂಗ್ ಬಿಗಿಯಲ್ಲಿ ವಾಪಸ್ ಹೋದರೆ ಗೇರ್‌ಬಾಕ್ಸ್ ಒಳಗಿನ ತುದಿ ಸರಿಯಿದೆ. ಕೇಬಲ್ ಜಾರದೆ ಸಿಕ್ಕಿಕೊಂಡರೆ ಅದರ ಕವಚದೊಳಗೆ ತುಕ್ಕು, ನಮ್ಮ ಮಲೆನಾಡಿನ ಮಳೆಗೆ ಇದು ಮಾಮೂಲಿ, ಕೇಬಲ್ಲೇ ಬದಲಾಯಿಸಿ. ಬಿಗಿಯೇ ಇಲ್ಲದೆ ಸಡಿಲವಾಗಿ ಬಂದರೆ ಗೇರ್‌ಬಾಕ್ಸ್ ಒಳಗೆ ಕಳಚಿದೆ ಅಥವಾ ತುಂಡಾಗಿದೆ, ಆಯಿಲ್ ಪ್ಯಾನ್ ಬಿಚ್ಚಬೇಕು, ಅದು ಮೆಕ್ಯಾನಿಕ್ ಕೆಲಸ.

ಆದರೆ ಕಾರನ್ನು ಮೆಕ್ಯಾನಿಕ್ ಹತ್ತಿರ ಓಡಿಸಿಕೊಂಡು ಹೋಗಬೇಡಿ, ಟೋ ಮಾಡಿಸಿ. ಎಷ್ಟೋ ಗೇರ್‌ಬಾಕ್ಸ್‌ಗಳಲ್ಲಿ ಒಳಗಿನ ಆಯಿಲ್ ಪ್ರೆಶರ್ ನಿರ್ಧಾರವಾಗುವುದೂ ಇದೇ ಕೇಬಲ್‌ನಿಂದ. ಪ್ರೆಶರ್ ಕಡಿಮೆಯಾದರೆ ಕ್ಲಚ್ ಪ್ಲೇಟ್ ಜಾರಿ ಸುಟ್ಟುಹೋಗುತ್ತದೆ. ಮುರಿದ ಕ್ಲಿಪ್ ಬದಲು ಬೈಂಡಿಂಗ್ ವೈರ್ ಸುತ್ತಿ ಘಾಟಿ ಹತ್ತಿಸುವುದಂತೂ ಬೇಡವೇ ಬೇಡ. ಅಗ್ಗದ ಪ್ಲಾಸ್ಟಿಕ್ ಟೈ ಕೂಡ ಎಂಜಿನ್ ಬಿಸಿಗೆ ಸಡಿಲವಾಗುತ್ತದೆ. ಸರಿಯಾದ ಕ್ಲಿಪ್ಪೇ ಹಾಕಿ.

ಜಾಸ್ತಿ ಜನ ಎಡವುವುದು ಅಡ್ಜಸ್ಟ್‌ಮೆಂಟ್‌ನಲ್ಲಿ. ಎಂಜಿನ್ ಆಫ್ ಇರುವಾಗಲೇ ಒಬ್ಬರು ಒಳಗೆ ಕೂತು ಆಕ್ಸಿಲರೇಟರ್ ತಳಮುಟ್ಟ ಒತ್ತಿ ಹಿಡಿಯಲಿ. ಥ್ರಾಟಲ್ ಪೂರ್ತಿ ತೆರೆದಿದೆಯಾ ನೋಡಿ, ಇಲ್ಲದಿದ್ದರೆ ಮೊದಲು ಆಕ್ಸಿಲರೇಟರ್ ಕೇಬಲ್ ಸರಿಮಾಡಿ. ಆಮೇಲೆ ಕಿಕ್‌ಡೌನ್ ಕೇಬಲ್. ಹಳೇ ಟೊಯೊಟಾಗಳಲ್ಲಿ ಒಳತಂತಿಗೆ ಒಂದು ಪುಟ್ಟ ಲೋಹದ ಸ್ಟಾಪರ್ ಒತ್ತಿರುತ್ತಾರೆ. ಪೆಡಲ್ ಒತ್ತಿ ಹಿಡಿದಾಗ ಆ ಸ್ಟಾಪರ್‌ಗೂ ಹೊರಕವಚದ ಕೊನೆಯಲ್ಲಿರುವ ರಬ್ಬರ್ ಬೂಟ್‌ನ (ರಬ್ಬರ್ ಟೋಪಿ) ತುದಿಗೂ ನಡುವೆ 0ಯಿಂದ 1 ಮಿ.ಮೀ. ಅಂತರ ಇರಬೇಕು, ಅಷ್ಟೇ. ಲಾಕ್‌ನಟ್ ಎರಡನ್ನೂ ಸಡಿಲಿಸಿ, ಹೊರಕವಚ ಹಿಂದೆಮುಂದೆ ಮಾಡಿ, ಬಿಗಿ ಮಾಡಿ. ನಟ್ ತಿರುಗಿಸುವಾಗ ಅಂತರ ಬದಲಾಗಿರುತ್ತದೆ, ಹಾಗಾಗಿ ಇನ್ನೊಮ್ಮೆ ಒತ್ತಿಸಿ ನೋಡಿ. ಬೇರೆ ಕಾರುಗಳಿಗೆ ಅದರದ್ದೇ ಮ್ಯಾನ್ಯುಯಲ್ ನೋಡಿ. ಅಂದಾಜಿನ ಮೇಲೆ ಬಿಗಿದರೆ ಗೇರ್ ತಡವಾಗಿ, ಜರ್ಕ್ ಹೊಡೆದು ಬೀಳುತ್ತದೆ.

ಗೇರ್‌ಬಾಕ್ಸ್ ಆಯಿಲ್ ಕಂದಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಕೇಬಲ್ ಸರಿಮಾಡಿದರೂ ಕ್ಲಚ್ ಪ್ಲೇಟ್ ತೋರಿಸಲೇಬೇಕು. ಅಂಥ ವಾಸನೆ ಇಲ್ಲದಿದ್ದರೆ ಕಡೂರು ರಸ್ತೆಯಲ್ಲಿ ವಾಹನ ಕಡಿಮೆ ಇರುವ ಹೊತ್ತಿಗೆ ಒಮ್ಮೆ ಆಕ್ಸಿಲರೇಟರ್ ಪೂರ್ತಿ ತುಳಿದು, ಗೇರ್ ಇಳಿಯುವುದು ಖಾತ್ರಿಯಾದ ಮೇಲೇ ಘಾಟಿಗೆ ಹೊರಡಿ.