ಫೆಡರಲ್ ಮುಗಿದರೆ ರಾಜ್ಯದ್ದು ಮುಗಿಯಲಿಲ್ಲ: 1776ರಿಂದ ಬಂದ ಲೆಕ್ಕ

ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮವರು ವರ್ಷ ವರ್ಷವೂ ಒಂದೇ ಗುಂಡಿಗೆ ಬೀಳುತ್ತಾರೆ. ಊರಲ್ಲಿ ಆದಾಯ ತೆರಿಗೆ ಕೇಂದ್ರದ್ದು. ಸಂಬಳದಲ್ಲಿ ಮುರಿಯುವ ವೃತ್ತಿ ತೆರಿಗೆ ಬಿಟ್ಟರೆ ಕರ್ನಾಟಕ ಸರ್ಕಾರ ನಮ್ಮ ಸಂಬಳದ ಗೊಡವೆಗೆ ಬರುವುದಿಲ್ಲ. ಇಲ್ಲಿ ಹಾಗಲ್ಲ: ಕೇಂದ್ರಕ್ಕೆ (ಫೆಡರಲ್) ಕಟ್ಟುವ ಆದಾಯ ತೆರಿಗೆ ಬೇರೆ, ಹಲವು ರಾಜ್ಯಗಳು ಹಾಕುವುದು ಬೇರೆ. ಒಂದನ್ನು ಮುಗಿಸಿ ಇನ್ನೊಂದನ್ನು ಮರೆಯುವುದೇ ಆ ಗುಂಡಿ. ರಾಜ್ಯಗಳಿಗೆ ಈ ಅಧಿಕಾರ ಎಲ್ಲಿಂದ ಬಂತೆಂದು ತಿಳಿಯಲು 1776ಕ್ಕೆ ಹೋಗಬೇಕು.

ಬ್ರಿಟಿಷ್ ರಾಜನ ಗವರ್ನರುಗಳ ಅಧಿಕಾರ ಕುಸಿದಾಗ, 1776ರ ಮೇ 10ರಂದು ವಸಾಹತುಗಳ ಪ್ರತಿನಿಧಿಗಳ ಸಭೆಯಾದ ಕಾಂಟಿನೆಂಟಲ್ ಕಾಂಗ್ರೆಸ್ ಆ ವಸಾಹತುಗಳಿಗೆ ಹೊಸ ಸರ್ಕಾರ ಕಟ್ಟಿಕೊಳ್ಳಲು ಹೇಳಿತು. ನ್ಯೂ ಹ್ಯಾಂಪ್‌ಶೈರ್ ಜನವರಿಯಲ್ಲೇ ಕಟ್ಟಿಕೊಂಡಿತ್ತು. ವರ್ಜೀನಿಯಾ ಸಂವಿಧಾನ ಒಪ್ಪಿದ್ದು ಜೂನ್ 29ರಂದು, ಸ್ವಾತಂತ್ರ್ಯ ಘೋಷಣೆಗೂ ಮುಂಚೆ. ರಾಜನ ಗವರ್ನರುಗಳಿಂದ ರೋಸಿಹೋಗಿದ್ದ ಜನ ತಮ್ಮ ಗವರ್ನರನ ಕೈಯನ್ನೂ ಕಟ್ಟಿಹಾಕಿದರು. ವರ್ಜೀನಿಯಾದಲ್ಲಿ ಅವನನ್ನು ಆರಿಸುವುದು ಶಾಸನಸಭೆ, ಅದೂ ಒಂದೇ ವರ್ಷಕ್ಕೆ, ಮಸೂದೆ ತಡೆಯುವ ಅಧಿಕಾರ (ವೀಟೋ) ಇಲ್ಲದೆ. ಪೆನ್ಸಿಲ್ವೇನಿಯಾ ಗವರ್ನರ್ ಹುದ್ದೆಯನ್ನೇ ತೆಗೆದು ಒಂದೇ ಸದನ ಇಟ್ಟಿತು. ಮ್ಯಾಸಚೂಸೆಟ್ಸ್‌ನಲ್ಲಿ ಶಾಸಕರೇ ಬರೆದ ಸಂವಿಧಾನದ ಕರಡನ್ನು 1778ರಲ್ಲಿ ಊರೂರಿನ ಸಭೆಗಳು ತಿರಸ್ಕರಿಸಿದವು. ಆಮೇಲೆ ಅದಕ್ಕೆಂದೇ ಬೇರೆ ಸಭೆಯನ್ನು ಚುನಾಯಿಸಿ, ಬರೆಸಿ, ಮತ್ತೆ ಊರುಗಳ ಮುಂದಿಟ್ಟು 1780ರಲ್ಲಿ ಜಾರಿಗೆ ತಂದರು. ಇಡೀ ಕ್ರಾಂತಿಯಲ್ಲಿ ಇದಕ್ಕಿಂತ ದೊಡ್ಡ ಆವಿಷ್ಕಾರ ಇನ್ನೊಂದಿಲ್ಲ: ಸರ್ಕಾರ ನಡೆಸುವವರೇ ಸರ್ಕಾರದ ನಿಯಮ ಬರೆಯಬಾರದು.

ದೇಶದ ಸರ್ಕಾರ ಮಾತ್ರ ಬಡಕಲಾಗಿ ಹುಟ್ಟಿತು. 1777ರಲ್ಲಿ ಬರೆದ ಒಕ್ಕೂಟದ ಒಪ್ಪಂದ ಜಾರಿಯಾಗಲು 1781ರ ಮಾರ್ಚ್ 1 ಆಯಿತು. ರಾಜ್ಯಕ್ಕೊಂದು ಮತ, ದೊಡ್ಡ ವಿಷಯಕ್ಕೆ 9 ರಾಜ್ಯ, ತಿದ್ದುಪಡಿಗೆ 13ಕ್ಕೆ 13 ಒಪ್ಪಬೇಕು. ತೆರಿಗೆ ಹಾಕುವ ಅಧಿಕಾರವಿಲ್ಲ. ರಾಜ್ಯಗಳ ಮುಂದೆ ಕೈಚಾಚಬೇಕು. ಯುದ್ಧದ ಸಾಲ ತೀರಿಸಲು ಆಮದಿನ ಮೇಲೆ ನೂರಕ್ಕೆ 5ರ ಸುಂಕ ಕೇಳಿದರೆ, ರೋಡ್ ಐಲೆಂಡ್ ಒಂದೇ 1782ರಲ್ಲಿ ಬೇಡವೆಂದು ಅದನ್ನು ಉರುಳಿಸಿತು. 1787ರ ಸಂವಿಧಾನ ಕೇಂದ್ರಕ್ಕೆ ನೇರ ತೆರಿಗೆ ಅಧಿಕಾರ ಕೊಟ್ಟಿತು, ಆದರೆ ರಾಜ್ಯದ್ದನ್ನು ಕಿತ್ತುಕೊಳ್ಳಲಿಲ್ಲ. ಬಿಟ್ಟುಕೊಡದ ಅಧಿಕಾರವೆಲ್ಲ ರಾಜ್ಯದ್ದು, ಜನರದ್ದು ಎಂದು 1791ರ ಹತ್ತನೇ ತಿದ್ದುಪಡಿ ಖಚಿತಪಡಿಸಿತು. ನಮ್ಮಲ್ಲಿ ಉಳಿದ ಅಧಿಕಾರ ಕೇಂದ್ರಕ್ಕೆ; 1956ರಲ್ಲಿ ಸಂಸತ್ತು ಮೈಸೂರಿನ ಗಡಿಯನ್ನೇ ಬದಲಿಸಿತು. ಇಲ್ಲಿ ರಾಜ್ಯದ ಶಾಸನಸಭೆ ಒಪ್ಪದೆ ಗಡಿ ಅಲುಗುವುದಿಲ್ಲ.

ಈಗ ಗುಂಡಿಗೆ ಬರೋಣ. ಭಾರತ–ಅಮೆರಿಕ ತೆರಿಗೆ ಒಪ್ಪಂದದಂತೆ, ವಿಶ್ವವಿದ್ಯಾಲಯಕ್ಕೆ ಬರುವ ಸಂಶೋಧಕರ ಸಂಬಳಕ್ಕೆ ಗರಿಷ್ಠ ಎರಡು ವರ್ಷ ವಿನಾಯಿತಿ ಇದೆ. ಆ ವಿನಾಯಿತಿ ಕೇಳುವ ಫಾರ್ಮ್ 8233 ಕೊಟ್ಟರೆ ಸಂಬಳ ಡಬ್ಲ್ಯೂ-2ರ (ಮಾಮೂಲಿ ವಾರ್ಷಿಕ ಸಂಬಳ ಪತ್ರ) ಬದಲು ವಿದೇಶಿಯರ ಆದಾಯ ತೋರಿಸುವ 1042-ಎಸ್‌ನಲ್ಲಿ ಬರುತ್ತದೆ. ಆದರೆ ಆ ಒಪ್ಪಂದದಲ್ಲಿ ಅಮೆರಿಕದ ಕಡೆಯಿಂದ ಸೇರಿರುವುದು ಫೆಡರಲ್ ಆದಾಯ ತೆರಿಗೆ ಮಾತ್ರ. ಕ್ಯಾಲಿಫೋರ್ನಿಯಾ ಅದನ್ನು ಒಪ್ಪುವುದಿಲ್ಲ. ರಾಜ್ಯದ ರಿಟರ್ನ್ ಫೆಡರಲ್ ಅಂಕಿಯಿಂದಲೇ ಶುರುವಾಗುವುದರಿಂದ ಅಲ್ಲಿನ ಸೊನ್ನೆಯನ್ನೇ ಇಲ್ಲಿಗೂ ಇಳಿಸಿಬಿಡುತ್ತಾರೆ. ಇದೇ ತಪ್ಪು. ಫೆಡರಲ್ ಅಂಕಿಯನ್ನು ಕ್ಯಾಲಿಫೋರ್ನಿಯಾ ನಿಯಮಕ್ಕೆ ಹೊಂದಿಸುವ ಶೆಡ್ಯೂಲ್ ಸಿಎಯಲ್ಲಿ ಆ ಸಂಬಳವನ್ನು ಮತ್ತೆ ಕೂಡಿಸಲೇಬೇಕು. ಕೂಡಿಸದಿದ್ದರೆ ಮುಂದೊಂದು ದಿನ ತೆರಿಗೆ, ದಂಡ, ಬಡ್ಡಿ ಮೂರೂ ಒಟ್ಟಿಗೆ ನೋಟಿಸಿನಲ್ಲಿ ಬರುತ್ತವೆ. ಎಫ್-1 ವೀಸಾದ ವಿದ್ಯಾರ್ಥಿಗಳು ಅದೇ ಒಪ್ಪಂದದಲ್ಲಿ ಪಡೆಯುವ ಸ್ಟ್ಯಾಂಡರ್ಡ್ ಡಿಡಕ್ಷನ್ನೂ ಫೆಡರಲ್ ರಿಟರ್ನಿಗೆ ಸೇರಿದ್ದು. ರಾಜ್ಯದ ನಿಯಮ ಬೇರೆಯಾಗಿಯೇ ನೋಡಿ.

ತೆರಿಗೆದಾರನ ಅನುಕೂಲಕ್ಕೆ ನಮ್ಮ ಪದ್ಧತಿಯೇ ಲೇಸು, ಅದರಲ್ಲಿ ಅನುಮಾನ ಬೇಡ. ಟೆಕ್ಸಾಸ್‌ನಲ್ಲಿ ಸಂಬಳಕ್ಕೆ ರಾಜ್ಯ ತೆರಿಗೆಯೇ ಇಲ್ಲ. ಜುಲೈನಲ್ಲಿ ಅಲ್ಲಿಂದ ಕ್ಯಾಲಿಫೋರ್ನಿಯಾಕ್ಕೆ ಮನೆ ಬದಲಿಸಿದರೆ ಉಳಿದ ಅರ್ಧ ವರ್ಷಕ್ಕೆ ಕ್ಯಾಲಿಫೋರ್ನಿಯಾದಲ್ಲಿ ವರ್ಷಪೂರ್ತಿ ಇರದವರ ರಿಟರ್ನ್ ಆದ 540ಎನ್ಆರ್ ಸಲ್ಲಿಸಬೇಕು. ಮನೆ ನ್ಯೂಜೆರ್ಸಿ, ಕಚೇರಿ ನ್ಯೂಯಾರ್ಕ್ ಆದರೆ ಎರಡೂ ರಾಜ್ಯಕ್ಕೆ ರಿಟರ್ನ್. ನ್ಯೂಯಾರ್ಕಿಗೆ ಕಟ್ಟಿದ್ದಕ್ಕೆ ನ್ಯೂಜೆರ್ಸಿಯ ತೆರಿಗೆಯಲ್ಲಿ ಕಡಿತ (ಕ್ರೆಡಿಟ್) ಸಿಗುತ್ತದೆ, ಆದರೆ ಕೇಳಿದರೆ ಮಾತ್ರ. ಡಬ್ಲ್ಯೂ-2 ಕೈಗೆ ಬಂದ ದಿನವೇ 15ರಿಂದ 17ರವರೆಗಿನ ಚೌಕ ನೋಡಿ: ಯಾವ ರಾಜ್ಯ, ಎಷ್ಟು ಸಂಬಳ, ಎಷ್ಟು ಮುರಿದಿದ್ದಾರೆ. ಆದಾಯ ತೆರಿಗೆ ಇರುವ ಒಂದು ರಾಜ್ಯದಿಂದ ಅಂಥದೇ ಇನ್ನೊಂದಕ್ಕೆ ನೀವು ಮನೆ, ಕೆಲಸ ಎರಡನ್ನೂ ಬದಲಿಸಿದ್ದೂ ಒಂದೇ ರಾಜ್ಯದ ಹೆಸರಿದ್ದರೆ, ರಿಟರ್ನ್ ತುಂಬುವ ಮೊದಲೇ ಕಂಪನಿಯ ಪೇರೋಲ್‌ನವರಿಂದ ತಿದ್ದಿಸಿಕೊಳ್ಳಿ.