ಬೆಕ್ಕಿನ ಮೀಸೆಯನ್ನು ಗಮನಿಸುವುದು ಮತ್ತು ಕಾಪಾಡುವುದು ಹೇಗೆ?

ಬೆಕ್ಕು ಸಾಕುವವರು ಅದರ ಊಟ, ಲಸಿಕೆ ಮತ್ತು ಜಂತುಹುಳುವಿನ ಔಷಧಿಯ ವಿಷಯದಲ್ಲಿ ವಹಿಸುವಷ್ಟು ಎಚ್ಚರವನ್ನು ಮೀಸೆಯ ವಿಷಯದಲ್ಲಿ ವಹಿಸುವುದು ಕಡಿಮೆ. ಮೀಸೆ ಬೆಕ್ಕಿನ ಪಾಲಿಗೆ ಕಣ್ಣು ಕಿವಿಗಳಷ್ಟೇ ಮುಖ್ಯವಾದ ಇಂದ್ರಿಯವಾದ್ದರಿಂದ, ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸಾಕುವವರು ತಿಳಿದಿರಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಮೀಸೆಗಳು ಎಲ್ಲೆಲ್ಲಿವೆ ಎಂದು ನೋಡಿಕೊಳ್ಳಿ. ಬೆಕ್ಕು ಹೊಟ್ಟೆತುಂಬ ಉಂಡು ನೆಮ್ಮದಿಯಾಗಿ ಮಲಗಿರುವ ಹೊತ್ತು ಇದಕ್ಕೆ ಸೂಕ್ತ. ಮೂತಿಯ ಎರಡೂ ಪಕ್ಕಗಳಲ್ಲಿ ನಾಲ್ಕು ಸಾಲುಗಳಾಗಿ, ಒಂದೊಂದು ಬದಿಗೆ ಸುಮಾರು 12ರಂತೆ ಉದ್ದನೆಯ ಮೀಸೆಗಳಿರುತ್ತವೆ. ಒಂದೆರಡು ಹೆಚ್ಚು ಕಡಿಮೆ ಇದ್ದರೆ ಚಿಂತಿಸಬೇಕಾಗಿಲ್ಲ. ಕಣ್ಣಿನ ಮೇಲೆ ಹುಬ್ಬಿನ ಜಾಗದಲ್ಲಿ, ಕೆನ್ನೆಯ ಮೇಲೆ ಮತ್ತು ಗದ್ದದ ಕೆಳಗೂ ಇದೇ ಬಗೆಯ ಕೂದಲುಗಳಿವೆ. ಹೆಚ್ಚಿನವರು ಗಮನಿಸದ ಇನ್ನೊಂದು ಜಾಗವೆಂದರೆ ಮುಂಗಾಲು: ಪಾದದಿಂದ ತುಸು ಮೇಲೆ, ಕಾಲಿನ ಹಿಂಬದಿಯಲ್ಲಿ ಮೆಲ್ಲಗೆ ಬೆರಳಾಡಿಸಿದರೆ ಮೃದುವಾದ ತುಪ್ಪಳದ ನಡುವೆ ಕೆಲವು ಬಿರುಸಾದ ಕೂದಲುಗಳು ಕೈಗೆ ಸಿಗುತ್ತವೆ. ಹಿಡಿದ ಬೇಟೆಯ ಮಿಸುಕಾಟ ಅವುಗಳ ಮೂಲಕ ಬೆಕ್ಕಿಗೆ ತಿಳಿಯುತ್ತದೆ.

ಮೀಸೆಯ ಎಳೆ ಮೈಯ ಉಳಿದ ಕೂದಲಿಗಿಂತ ಎರಡು ಮೂರು ಪಟ್ಟು ದಪ್ಪವಾಗಿದ್ದು, ಅದರ ಬೇರು ಚರ್ಮದೊಳಗೆ ಬಹಳ ಆಳಕ್ಕೆ ಇಳಿದಿರುತ್ತದೆ. ಎಳೆಯಲ್ಲಿ ನರಗಳಿಲ್ಲ. ಆದರೆ ಬೇರಿನ ಸುತ್ತ ರಕ್ತ ತುಂಬಿದ ಒಂದು ಪುಟ್ಟ ಚೀಲವೂ ನೂರಾರು ನರತುದಿಗಳೂ ಇರುವುದರಿಂದ, ಗಾಳಕ್ಕೆ ಮೀನು ಬಾಯಿ ಹಾಕಿದ್ದು ಕೋಲು ಹಿಡಿದ ಕೈಗೆ ತಿಳಿಯುವಂತೆ, ಎಳೆಯ ತುದಿ ಕೊಂಚ ಬಾಗಿದರೂ ಆ ಅಲುಗಾಟ ಬುಡಕ್ಕೆ ಮುಟ್ಟಿ, ಅಲ್ಲಿಂದ ಟ್ರೈಜೆಮಿನಲ್ ನರದ ಮೂಲಕ ಮೆದುಳನ್ನು ಸೇರುತ್ತದೆ. ಯಾವ ಮೀಸೆ ಯಾವ ದಿಕ್ಕಿಗೆ ಬಾಗಿತೆಂಬುದೂ ಬೆಕ್ಕಿಗೆ ಗೊತ್ತಾಗುತ್ತದೆ. ಕತ್ತಲೆಯಲ್ಲಿ ಗೋಡೆಗೆ ಮುಖ ತಗುಲುವ ಮೊದಲೇ ಅದು ಸರಿದು ಹೋಗುವುದು ಇದರ ನೆರವಿನಿಂದ. ಗಾಳಿಯ ಸಣ್ಣ ಚಲನೆಯನ್ನೂ ಮೀಸೆಗಳು ಗ್ರಹಿಸುತ್ತವೆ.

ಮೀಸೆಯ ನಿಜವಾದ ಕೆಲಸವನ್ನು ಕಣ್ಣಾರೆ ಕಾಣಬೇಕಾದರೆ, ಒಂದು ದಾರದ ತುದಿಗೆ ಪುಕ್ಕ ಕಟ್ಟಿ ಬೆಕ್ಕಿನ ಮುಂದೆ ಆಡಿಸಿ, ನೀವು ಅದರ ಪಕ್ಕದಲ್ಲಿ ಕುಳಿತು ನೋಡಿ. ಪುಕ್ಕ ದೂರದಲ್ಲಿರುವಾಗ ಅದರ ನೋಟವೆಲ್ಲ ಪುಕ್ಕದ ಮೇಲೆಯೇ ನೆಟ್ಟಿರುತ್ತದೆ. ಹಾರಿ ಹಿಡಿದು ಬಾಯಿಗೆ ತರುವ ಕ್ಷಣದಲ್ಲಿ ಮೀಸೆಗಳೆಲ್ಲ ಒಮ್ಮೆಲೇ ಮುಂದಕ್ಕೆ ಚಾಚಿ ಪುಕ್ಕವನ್ನು ಸುತ್ತುವರಿಯುವುದನ್ನು ಕಾಣುತ್ತೀರಿ. ಸುಮಾರು 25ರಿಂದ 30 ಸೆಂಟಿಮೀಟರಿಗಿಂತ ಹತ್ತಿರದ ವಸ್ತು ಬೆಕ್ಕಿನ ಕಣ್ಣಿಗೆ ಮಸುಕಾಗುವುದರಿಂದ, ಅಲ್ಲಿಂದ ಮುಂದೆ ಇಲಿಯ ಕುತ್ತಿಗೆ ಎಲ್ಲಿದೆ, ಅದು ಇನ್ನೂ ಅಲುಗುತ್ತಿದೆಯೇ ಎಂಬುದನ್ನು ತಿಳಿಯಲು ಮೀಸೆಯೇ ಆಧಾರ. ಹುಬ್ಬಿನ ಮೀಸೆಗೆ ಏನಾದರೂ ತಗುಲಿದೊಡನೆ ಆ ಬದಿಯ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ; ಪೊದೆಯಲ್ಲಿ ನುಗ್ಗುವಾಗ ಕಣ್ಣನ್ನು ಮುಳ್ಳಿನಿಂದ ಕಾಯುವ ಏರ್ಪಾಡು ಇದು.

ಸಂದಿಯೊಂದರಲ್ಲಿ ನುಸುಳಬಹುದೇ ಎಂದು ಅಳೆಯಲೂ ಮೀಸೆ ಒದಗುತ್ತದೆ. ಅದರ ಹರವು ಸ್ಥೂಲವಾಗಿ ಮೈಯ ಅಗಲದಷ್ಟಿರುತ್ತದೆ. ಆದರೆ ಬೆಕ್ಕು ಕೊಬ್ಬಿ ದಪ್ಪಗಾದರೆ ಮೀಸೆ ಅದಕ್ಕೆ ತಕ್ಕಂತೆ ಬೆಳೆಯುವುದಿಲ್ಲ. ಬೊಜ್ಜಿನ ಬೆಕ್ಕಿರುವ ಮನೆಯಲ್ಲಿ ಕಿಟಕಿಯ ಸರಳು ಮತ್ತು ಗೇಟಿನ ಸಂದಿಗಳ ಕಡೆ ಕಣ್ಣಿಡುವುದು ಒಳ್ಳೆಯದು.

ಮೀಸೆಯ ನಿಲುವಿನಿಂದ ಬೆಕ್ಕಿನ ಮನಸ್ಸನ್ನು ತಿಳಿಯಲು ಕಲಿಯಬಹುದು. ನೆಮ್ಮದಿಯಲ್ಲಿರುವಾಗ ಮೀಸೆಗಳು ಸಡಿಲವಾಗಿ, ತುಸು ಬಾಗಿ ಪಕ್ಕಕ್ಕೆ ಇಳಿದಿರುತ್ತವೆ. ಕುತೂಹಲ ಕೆರಳಿದಾಗ ಮುಂದಕ್ಕೆ ಬರುತ್ತವೆ. ಹೆದರಿದಾಗ ಕೆನ್ನೆಗೆ ಅಂಟಿದಂತೆ ಹಿಂದಕ್ಕೆ ಸರಿಯುತ್ತವೆ. ನೋವಿನ ಗುರುತು ಬೇರೆ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರ ತಂಡ 2019ರಲ್ಲಿ ಪ್ರಕಟಿಸಿದ, ಮುಖಭಾವದಿಂದ ಬೆಕ್ಕಿನ ನೋವನ್ನು ಅಳೆಯುವ ಮಾಪಕದಲ್ಲಿ ಐದು ಅಂಶಗಳಿವೆ: ಕಿವಿಯ ನಿಲುವು, ಕಣ್ಣು ಕಿರಿದಾಗುವುದು, ಮೂತಿಯ ಬಿಗಿತ, ಮೀಸೆ ಮತ್ತು ತಲೆಯ ಮಟ್ಟ. ನೋವುಣ್ಣುವ ಬೆಕ್ಕಿನ ಮೀಸೆ ಬಾಗು ಕಳೆದುಕೊಂಡು ನೆಟ್ಟಗಾಗಿ ಮುಂದಕ್ಕೆ ಚಾಚುತ್ತದೆ. ಆಟದ ಹುರುಪಿನಲ್ಲೂ ಮೀಸೆ ಮುಂದೆ ಬರುವುದರಿಂದ ಅದೊಂದನ್ನೇ ನೋಡಿ ತೀರ್ಮಾನಿಸಬೇಡಿ. ಬೆಕ್ಕು ತಲೆ ತಗ್ಗಿಸಿ, ಕಣ್ಣು ಕಿರಿದುಮಾಡಿ, ಮೂಲೆ ಹಿಡಿದು ಕುಳಿತಿದ್ದು ಮೀಸೆಯೂ ಸೆಟೆದಿದ್ದರೆ ಅಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ. ಬೆಕ್ಕು ನೋವನ್ನು ಅಡಗಿಸಿಡುವ ಪ್ರಾಣಿ. ನಾವೇ ನೋಡಿ ತಿಳಿಯದಿದ್ದರೆ ಅದಕ್ಕೆ ಬೇರೆ ದಾರಿಯಿಲ್ಲ.

ಊಟದ ಪಾತ್ರೆಯ ಬಗ್ಗೆ ಒಂದು ಮಾತು. ಆಳವಾದ ಬಟ್ಟಲಿನ ಅಂಚಿಗೆ ಮೀಸೆ ಉಜ್ಜಿ ಬೆಕ್ಕು ದಣಿಯುತ್ತದೆಂದು ಹೇಳಿ ವಿಶೇಷ ತಟ್ಟೆಗಳನ್ನು ಮಾರುತ್ತಾರೆ. ಇದನ್ನು ಪರೀಕ್ಷಿಸಿದ ಅಧ್ಯಯನವೊಂದರಲ್ಲಿ ಅಂಥ ತಟ್ಟೆಗೂ ಮಾಮೂಲಿ ಪಾತ್ರೆಗೂ ನಡುವೆ ಬೆಕ್ಕು ತಿನ್ನುವ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ಬೆಕ್ಕು ಬಟ್ಟಲಿನಿಂದ ಕಾಲಲ್ಲಿ ತೆಗೆದು ನೆಲಕ್ಕೆ ಹಾಕಿಕೊಂಡು ತಿನ್ನುತ್ತಿದ್ದರೆ, ಮನೆಯಲ್ಲಿರುವ ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಹಾಕಿ ನೋಡಿ, ಅಷ್ಟು ಸಾಕು. ಆಮೇಲೂ ತಿನ್ನಲು ಹಿಂಜರಿದರೆ ಹಲ್ಲು, ಒಸಡುಗಳ ತೊಂದರೆ ಇರಬಹುದು.

ಮೀಸೆಯನ್ನು ಎಂದಿಗೂ ಕತ್ತರಿಸಬೇಡಿ. ಎಳೆಯನ್ನು ಕತ್ತರಿಸಿದಾಗ ನೋವಾಗುವುದಿಲ್ಲವೆಂಬುದು ನಿಜ, ಆದರೆ ಮತ್ತೆ ಬೆಳೆಯಲು ವಾರಗಳಿಂದ ತಿಂಗಳುಗಳೇ ಹಿಡಿಯುವುದರಿಂದ ಅಷ್ಟು ಕಾಲ ಬೆಕ್ಕಿನ ಅಂದಾಜೆಲ್ಲ ತಪ್ಪಿ ನೆಗೆತ, ನಡಿಗೆ ಎರಡೂ ಅಳುಕಿನವಾಗುತ್ತವೆ. ಕಿತ್ತರಂತೂ ತೀವ್ರ ನೋವಾಗುತ್ತದೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಮೊದಲೇ ತಿಳಿಹೇಳಿ. ಮಲೆನಾಡಿನ ಮನೆಗಳಲ್ಲಿ ಚಳಿಗೆ ಬಚ್ಚಲೊಲೆಯ ಬಾಯಲ್ಲಿ ಮಲಗುವ ಬೆಕ್ಕುಗಳ ಮೀಸೆ ಕೆಂಡದ ಕಾವಿಗೆ ಸುಟ್ಟು ತುದಿ ಸುರುಟಿಕೊಳ್ಳುವುದುಂಟು. ಒಲೆಯ ಮುಂದೆ ಅಡ್ಡಹಲಗೆ ಇಟ್ಟು ಬೆಕ್ಕಿಗೆ ಹಳೆಯ ಕಂಬಳಿಯೊಂದನ್ನು ಬೇರೆಡೆ ಹಾಸಿಕೊಡಿ.

ನೆಲದ ಮೇಲೆ ಆಗೊಂದು ಈಗೊಂದು ಮೀಸೆ ಬಿದ್ದಿದ್ದರೆ ಗಾಬರಿ ಬೇಡ, ಅದು ಸಹಜವಾಗಿ ಉದುರಿ ಹೊಸದು ಹುಟ್ಟುತ್ತದೆ. ಡೆವನ್ ರೆಕ್ಸ್ ತಳಿಯಲ್ಲಿ ಮೀಸೆ ಹುಟ್ಟಿನಿಂದಲೇ ಗಿಡ್ಡ, ಗುಂಗುರು. ಇವನ್ನು ಬಿಟ್ಟು, ಹಲವು ಮೀಸೆಗಳು ಒಟ್ಟಿಗೆ ತುಂಡಾಗುತ್ತಿದ್ದು ಮೂತಿಯ ಚರ್ಮದಲ್ಲಿ ಹೊಟ್ಟು, ಕೆಂಪು ಅಥವಾ ದುಂಡನೆಯ ಬೋಳು ಕಲೆ ಕಂಡರೆ ಹುಳುಕಡ್ಡಿ ಇರಬಹುದು. ಅದು ಮನುಷ್ಯರಿಗೂ ಅಂಟುವ ಶಿಲೀಂಧ್ರದ ರೋಗವಾದ್ದರಿಂದ, ಮನೆಯಲ್ಲಿರುವ ಮುಲಾಮು ಹಚ್ಚದೆ ಪಶುವೈದ್ಯರಿಗೆ ತೋರಿಸಿ, ಬೆಕ್ಕನ್ನು ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಿ.